ರಾಕೆಟ್ ನಾಝಲ್‌ಗೆ ಯಾವ ವಸ್ತು? ಕರಗುವ ಬಿಂದು ಒಂದನ್ನೇ ನೋಡಿದರೆ ಸಾಕೇ?

ಕಾವೇರಿಕಣಿವೆ · ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಕೊನೇ ವರ್ಷ. ಸೆಮಿನಾರಿಗೆ ರಾಕೆಟ್ ಎಂಜಿನ್ನಿನ ನಾಝಲ್ (ಬಿಸಿ ಅನಿಲ ಹೊರಗೆ ನುಗ್ಗೋ ಘಂಟೆಯಾಕಾರದ ಬಾಯಿ) ವಸ್ತುಗಳ ವಿಷಯ ತಗೊಂಡಿದ್ದೀನಿ. ಓದ್ತಾ ಹೋದ ಹಾಗೆ ಒಂದು ಪ್ರಶ್ನೆ ಬಿಡದೆ ಕಾಡ್ತಿದೆ. ಒಳಗಿನ ಅನಿಲ 3000 ಡಿಗ್ರಿ ದಾಟಿರುತ್ತೆ. ಟಂಗ್‌ಸ್ಟನ್ ಕರಗೋದು 3422 ಡಿಗ್ರಿ ಸೆಲ್ಸಿಯಸ್‌ಗೆ. ಹ್ಯಾಫ್ನಿಯಂ ಕಾರ್ಬೈಡ್ ಇನ್ನೂ ಮೇಲೆ, 3900ರ ಹತ್ತಿರ. ಆದ್ರೆ ದೊಡ್ಡ ದೊಡ್ಡ ಎಂಜಿನ್‌ಗಳ ಒಳಗೋಡೆಗೆ ಹಾಕಿರೋದು ತಾಮ್ರದ ಮಿಶ್ರಲೋಹ! ತಾಮ್ರ 1085ಕ್ಕೇ ಕರಗಿ ನೀರಾಗುತ್ತಲ್ಲ?

ಇನ್ನೊಂದು. ಪಿಎಸ್‌ಎಲ್‌ವಿಯ ನಾಲ್ಕನೇ ಹಂತ, ಅಂದ್ರೆ ಪಿಎಸ್4, ಅದರ ನಾಝಲ್‌ಗೆ ಮೊದಲಿಂದ ಕೊಲಂಬಿಯಂ (ನಿಯೋಬಿಯಂ ಲೋಹದ ಇನ್ನೊಂದು ಹೆಸರು) ಇತ್ತು. 2024ರಲ್ಲಿ ಇಸ್ರೋ ಕಾರ್ಬನ್-ಕಾರ್ಬನ್ ಪರೀಕ್ಷೆ ಮಾಡಿದ್ವಿ ಅಂತು. 2025ರಲ್ಲಿ ಸ್ಟೆಲೈಟ್ ಅಂತು. ಒಂದು ಕಪ್ಪು ನಾರಿನ ಸಂಯುಕ್ತ, ಇನ್ನೊಂದು ಕೋಬಾಲ್ಟ್ ಲೋಹ. ಒಂದೇ ಜಾಗಕ್ಕೆ ಇಷ್ಟು ಬೇರೆ ಬೇರೆ ವಸ್ತು ಹೇಗೆ ಹೊಂದುತ್ತೆ? ತಿಳಿದವರು ಬುಡದಿಂದ ಹೇಳಿ ಪ್ಲೀಸ್.

ಧಾರವಾಡದಾಂವ · ಶನಿವಾರ ರಾತ್ರಿ

ಛಲೋ ಪ್ರಶ್ನೆ ಕೇಳೀರಿ. ಟಂಗ್‌ಸ್ಟನ್ ಬಗ್ಗೆ ನನಗ ಗೊತ್ತಿದ್ದಷ್ಟು ಹೇಳ್ತೇನಿ. ಅದರ ಸಾಂದ್ರತೆ 19ರ ಮ್ಯಾಲ, ಕೊಲಂಬಿಯಂ ಮಿಶ್ರಲೋಹದ್ದು 9ಕ್ಕಿಂತ ಕಡಿಮಿ. ತೂಕ ಎರಡು ಪಟ್ಟಿಗಿಂತ ಜಾಸ್ತಿ ಆತು. ಮತ್ತ ಕೋಣೆಯ ಉಷ್ಣಾಂಶದಾಗ ಟಂಗ್‌ಸ್ಟನ್ ಬಾಗೂದಿಲ್ಲ, ಒಡೀತೈತಿ. ತೆಳ್ಳನ ಘಂಟಿ ಆಕಾರಕ್ಕ ಅದನ್ನ ತಿದ್ದೂದಂದ್ರ ದೊಡ್ಡ ಫಜೀತಿ. ಹಿಂದ ಕೆಲವು ಘನ ಇಂಧನದ ಕ್ಷಿಪಣಿಗಳ ಥ್ರೋಟಿನಾಗ (ನಾಝಲ್‌ನ ಇಕ್ಕಟ್ಟಾದ ಕುತ್ತಿಗಿ) ಸಣ್ಣ ತುಂಡಾಗಿ ಕೂಡಿಸಿದ್ದು ಹೌದು, ಪೂರ್ತಿ ನಾಝಲ್ ಅಲ್ಲ. ತಾಮ್ರದ ವಿಚಾರ ಉಷ್ಣಯಂತ್ರ ಸರ್ ಬಂದು ಹೇಳ್ಬೇಕು.

ಉಷ್ಣಯಂತ್ರ · ಭಾನುವಾರ ಬೆಳಿಗ್ಗೆ

ಕಾವೇರಿಕಣಿವೆ, ನಿಮ್ಮ ಪ್ರಶ್ನೆಯಲ್ಲಿ ಎರಡು ಸಂಗತಿ ಒಂದಕ್ಕೊಂದು ಅಂಟಿಕೊಂಡಿವೆ. ಅನಿಲದ ಉಷ್ಣಾಂಶ ಒಂದು, ಗೋಡೆಯ ಉಷ್ಣಾಂಶ ಇನ್ನೊಂದು. ಅನಿಲ ಎಷ್ಟೇ ಕುದೀತಿರಲಿ, ಗೋಡೆಗೆ ಬಂದ ಶಾಖವನ್ನ ಬಂದಷ್ಟೇ ಬೇಗ ಹಿಂಬದಿಯಿಂದ ಎಳೆದುಕೊಂಡು ಹೋದ್ರೆ ಗೋಡೆ ಬದುಕುತ್ತೆ. ಒಲೆ ಮೇಲಿನ ಪಾತ್ರೆಯಲ್ಲಿ ನೀರಿರೋ ತನಕ ತಳ ಸೀಯೋದಿಲ್ಲ, ಅದೇ ಲೆಕ್ಕ. ಇಲ್ಲಿ ನೀರಿನ ಬದಲು ಇಂಧನವೇ ಗೋಡೆಯೊಳಗಿನ ಸಣ್ಣ ಕಾಲುವೆಗಳಲ್ಲಿ ಹರಿದು, ಕಾದು, ಆಮೇಲೆ ಉರಿಯೋಕೆ ಹೋಗುತ್ತೆ.

ಅಮೆರಿಕದ ಸ್ಪೇಸ್ ಷಟಲ್‌ನ ಮುಖ್ಯ ಎಂಜಿನ್ ತಗೊಳ್ಳಿ. ಅನಿಲ ಸುಮಾರು 3300 ಡಿಗ್ರಿ, ಒಳಗಿನ ಒತ್ತಡ ವಾತಾವರಣದ ಸುಮಾರು 200 ಪಟ್ಟು. ಥ್ರೋಟಿನ ಹತ್ತಿರ ಪ್ರತಿ ಚದರ ಮೀಟರಿಗೆ ಸುಮಾರು 160 ಮೆಗಾವ್ಯಾಟ್ ಶಾಖ ಗೋಡೆಗೆ ನುಗ್ಗುತ್ತೆ. ಅದರ ಒಳಗೋಡೆ ತಾಮ್ರಕ್ಕೆ ಸುಮಾರು 3 ಶೇಕಡಾ ಬೆಳ್ಳಿ, ಅರ್ಧ ಶೇಕಡಾ ಜಿರ್ಕೋನಿಯಂ ಬೆರೆಸಿದ ಲೋಹ. ಅದರಲ್ಲಿ 390 ಕಾಲುವೆ ಕೊರೆದು ದ್ರವ ಹೈಡ್ರೋಜನ್ ಹರಿಸ್ತಿದ್ರು.

ಈಗ ಒಂದು ಸಣ್ಣ ಲೆಕ್ಕ ಮಾಡಿ, ಸೆಮಿನಾರಿನಲ್ಲಿ ಬೋರ್ಡ್ ಮೇಲೆ ಬರೆಯೋಕೂ ಆಗುತ್ತೆ. ಬಿಸಿ ಅನಿಲಕ್ಕೂ ತಣ್ಣನೆ ಇಂಧನಕ್ಕೂ ನಡುವಿನ ಗೋಡೆ 0.7 ಮಿಲಿಮೀಟರ್ ದಪ್ಪ ಅಂತಿಟ್ಟುಕೊಳ್ಳಿ. ತಾಮ್ರದ ಮಿಶ್ರಲೋಹದ ಉಷ್ಣವಾಹಕತೆ (ಶಾಖ ದಾಟಿಸೋ ಶಕ್ತಿ) ಮೀಟರ್-ಕೆಲ್ವಿನ್‌ಗೆ 320 ವ್ಯಾಟ್ ಅಂತಿಟ್ಟುಕೊಳ್ಳಿ. 160 ಮೆಗಾವ್ಯಾಟ್ ದಾಟಿಸೋಕೆ ಗೋಡೆಯ ಎರಡು ಮುಖಗಳ ನಡುವೆ ಬೇಕಾಗೋ ವ್ಯತ್ಯಾಸ 350 ಡಿಗ್ರಿ. ಸರಿ, ತಡೆಯುತ್ತೆ. ಅದೇ ಜಾಗಕ್ಕೆ ನಿಕಲ್ ಸೂಪರ್‌ಅಲಾಯ್ ಹಾಕಿ, ವಾಹಕತೆ 25 ಅಂತ ಉದಾರವಾಗಿ ಕೊಡಿ. ಆಗ ಬೇಕಾಗೋ ವ್ಯತ್ಯಾಸ ಹತ್ತಿರ ಹತ್ತಿರ 4500 ಡಿಗ್ರಿ. ಅಂದ್ರೆ ಒಳಮುಖ ಯಾವತ್ತೋ ಕರಗಿ ಹೋಗಿರುತ್ತೆ. ಸೂಪರ್‌ಅಲಾಯ್ ತಾಮ್ರಕ್ಕಿಂತ ಎಷ್ಟೋ ಹೆಚ್ಚು ಬಿಸಿಗೆ ಗಟ್ಟಿಯಾಗಿ ನಿಲ್ಲೋ ಲೋಹವೇ, ಆದ್ರೆ ಶಾಖ ದಾಟಿಸೋಕೆ ಅದಕ್ಕೆ ಬರೋದಿಲ್ಲ. ಥ್ರೋಟಿನಲ್ಲಿ ತಾಮ್ರ ಗೆಲ್ಲೋದು ಇದಕ್ಕೇ.

ಆದ್ದರಿಂದ ವಸ್ತು ಯಾವುದು ಅಂತ ಕೇಳೋಕೆ ಮುಂಚೆ ನಾಝಲ್‌ನ ಯಾವ ಜಾಗ, ಶಾಖ ಎಲ್ಲಿಗೆ ಹೋಗುತ್ತೆ, ಎಷ್ಟು ಹೊತ್ತು ಉರಿಯುತ್ತೆ ಅಂತ ಕೇಳಬೇಕು. ಕರಗುವ ಬಿಂದುವಿನ ಪಟ್ಟಿಯಿಂದ ಶುರು ಮಾಡಿದ್ರೆ ದಾರಿ ತಪ್ಪುತ್ತೆ.

ಕಾವೇರಿಕಣಿವೆ · ಭಾನುವಾರ ಬೆಳಿಗ್ಗೆ

ಸರ್, 350 ಮತ್ತು 4500! ಇಷ್ಟು ಸ್ಪಷ್ಟವಾಗಿ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ, ತುಂಬಾ ಥ್ಯಾಂಕ್ಸ್. ಹಾಗಾದ್ರೆ ಇಡೀ ನಾಝಲ್ ಅನ್ನ ತಾಮ್ರದಲ್ಲೇ ಮಾಡಿ ಕಾಲುವೆ ಹರಿಸಬಹುದಲ್ಲ? ಪಿಎಸ್4 ನಾಝಲ್‌ನ ಕೆಳಭಾಗದಲ್ಲಿ ಯಾವ ಕಾಲುವೆಯೂ ಇಲ್ಲ, ಬರೀ ತೆಳು ಗೋಡೆ. ಅದು ಹೇಗೆ ಉಳಿಯುತ್ತೆ?

ಉಷ್ಣಯಂತ್ರ · ಭಾನುವಾರ ಮಧ್ಯಾಹ್ನ

ಅದು ಕೆಂಪಗೆ ಕಾದು, ಆ ಹೊಳಪಿನಲ್ಲೇ ಶಾಖವನ್ನ ಹೊರಗೆ ಬಿಡುತ್ತೆ. ವಿಕಿರಣದಿಂದ ತಂಪಾಗೋದು.

ಥ್ರೋಟ್ ದಾಟಿದ ಮೇಲೆ ಅನಿಲ ಹಿಗ್ಗುತ್ತಾ ವೇಗ ಪಡೀತಾ ತಾನೂ ತಣ್ಣಗಾಗುತ್ತೆ, ಸಾಂದ್ರತೆಯೂ ಬೀಳುತ್ತೆ. ಗೋಡೆಗೆ ತಟ್ಟೋ ಶಾಖ ಥ್ರೋಟಿಗೆ ಹೋಲಿಸಿದ್ರೆ ತೀರಾ ಕಮ್ಮಿ. ಇಸ್ರೋ ಪ್ರಕಟಿಸಿದ ಅಂಕಿ ನೋಡಿ. 2024ರ ಏಪ್ರಿಲ್ 2ರಂದು ತಮಿಳುನಾಡಿನ ಮಹೇಂದ್ರಗಿರಿಯ ಇಸ್ರೋ ಕೇಂದ್ರದಲ್ಲಿ ಕಾರ್ಬನ್-ಕಾರ್ಬನ್ ನಾಝಲ್ ಅನ್ನ 200 ಸೆಕೆಂಡು ಉರಿಸಿದಾಗ ಉಷ್ಣಾಂಶ 1216 ಕೆಲ್ವಿನ್ ತಲುಪ್ತು, ಮೊದಲೇ ಲೆಕ್ಕ ಹಾಕಿದ್ದಕ್ಕೆ ಹೊಂದಿಕೆ ಆಯ್ತು. 1216 ಕೆಲ್ವಿನ್ ಅಂದ್ರೆ 943 ಡಿಗ್ರಿ ಸೆಲ್ಸಿಯಸ್. ಆ ಉಷ್ಣಾಂಶದಲ್ಲಿ ಪೂರ್ಣ ಕಪ್ಪು ಮೇಲ್ಮೈ ಚದರ ಮೀಟರಿಗೆ ಸುಮಾರು 124 ಕಿಲೋವ್ಯಾಟ್ ಹೊರಸೂಸುತ್ತೆ. ಕಿಲೋವ್ಯಾಟ್, ಗಮನಿಸಿ. ಷಟಲ್ ಎಂಜಿನ್ ಥ್ರೋಟಿನ ಅಂಕಿ ಇದರ ಸಾವಿರ ಪಟ್ಟಿಗೂ ಮೇಲೆ.

ಆ ಥ್ರೋಟನ್ನ ಬರೀ ವಿಕಿರಣದಿಂದ ತಂಪು ಮಾಡ್ತೀನಿ ಅಂತ ಹೊರಟ್ರೆ ಗೋಡೆ 7000 ಡಿಗ್ರಿಗೆ ಕಾಯಬೇಕು. ಸೂರ್ಯನ ಮೇಲ್ಮೈಯೇ 5500. ಅಂಥ ವಸ್ತು ಎಲ್ಲೂ ಇಲ್ಲ.

ಇನ್ನು ಕೆಳಭಾಗಕ್ಕೂ ಕಾಲುವೆ ಯಾಕೆ ಬೇಡ ಅಂದ್ರೆ, ಕಾಲುವೆ ಅಂದ್ರೆ ತೂಕ, ಒತ್ತಡದ ನಷ್ಟ, ನೂರಾರು ಬೆಸುಗೆ. ಪಿಎಸ್4 ಪಂಪಿಲ್ಲದ ಎಂಜಿನ್, ಟ್ಯಾಂಕಿನ ಒತ್ತಡದಿಂದಲೇ ಇಂಧನ ಒಳಗೆ ಹೋಗಬೇಕು. ಹಾಗಿರುವಾಗ ಒತ್ತಡವನ್ನ ಕಾಲುವೆಗಳಲ್ಲಿ ಕಳಕೊಳ್ಳೋದು ಯಾರಿಗೂ ಬೇಡ.

ಪೀಣ್ಯ ಬೆಸುಗೆ · ಭಾನುವಾರ ಸಂಜೆ

ನಾನು ಫ್ಯಾಬ್ರಿಕೇಶನ್ ಕಡೆಯವನು, ಟೈಟಾನಿಯಂ ಮತ್ತು ಅದರ ಜಾತಿಯ ಲೋಹಗಳ ವೆಲ್ಡಿಂಗ್ ನಮ್ಮ ಕೆಲಸ. ಕೊಲಂಬಿಯಂ ಬಗ್ಗೆ ಕೈಯಲ್ಲಿ ಹಿಡಿದು ನೋಡಿದವನಾಗಿ ಎರಡು ಮಾತು.

ಕೊಲಂಬಿಯಂ ಅಂದ್ರೆ ನಿಯೋಬಿಯಂ. ನಾಝಲ್‌ಗೆ ಬಳಸೋದು ಸಿ-103 ಅನ್ನೋ ಮಿಶ್ರಲೋಹ, ನಿಯೋಬಿಯಂಗೆ 10 ಶೇಕಡಾ ಹ್ಯಾಫ್ನಿಯಂ, 1 ಶೇಕಡಾ ಟೈಟಾನಿಯಂ. ಶೀಟು ಕೋಣೆಯ ಉಷ್ಣಾಂಶದಲ್ಲೇ ಚೆನ್ನಾಗಿ ಬಾಗುತ್ತೆ, ಸ್ಪಿನ್ನಿಂಗ್ (ತಿರುಗಿಸ್ತಾ ಅಚ್ಚಿನ ಮೇಲೆ ಒತ್ತಿ ಆಕಾರ ಕೊಡೋದು) ಮಾಡೋಕೆ ಒಳ್ಳೇ ಲೋಹ, ಬೆಸುಗೆಯೂ ಹಿಡಿಯುತ್ತೆ. ಟಂಗ್‌ಸ್ಟನ್, ಮಾಲಿಬ್ಡಿನಂಗಳ ಪಕ್ಕ ಇಟ್ಟು ನೋಡಿದ್ರೆ ಇದು ತುಂಬಾ ಸಾಧು. ಅಪೋಲೋ ಕಾಲದಿಂದ ಇವತ್ತಿನ ಫಾಲ್ಕನ್ 9 ರಾಕೆಟ್ಟಿನ ಮೇಲಿನ ಹಂತದ ತನಕ ನಿಯೋಬಿಯಂ ಉಳಿದುಕೊಂಡಿರೋದಕ್ಕೆ ಕರಗುವ ಬಿಂದುವಿನಷ್ಟೇ ಈ ಗುಣವೂ ಕಾರಣ. 2010ರ ಡಿಸೆಂಬರ್‌ನಲ್ಲಿ ಫಾಲ್ಕನ್ 9ರ ಎರಡನೇ ಹಾರಾಟದ ಮುಂಚೆ ಮೇಲಿನ ಹಂತದ ನಾಝಲ್‌ನ ಕೆಳ ಅಂಚಿನಲ್ಲಿ ಬಿರುಕು ಕಂಡಿತ್ತು. ಹೊಸ ನಾಝಲ್‌ಗೆ ಕಾಯದೆ, ಬಿರುಕಿದ್ದ ಕೆಳಗಿನ ಸುಮಾರು ನಾಲ್ಕು ಅಡಿಯನ್ನೇ ಕತ್ತರಿಸಿ ತೆಗೆದು ಹಾರಿಸಿದ್ರು, ಹಾರಾಟ ಗೆದ್ದಿತು. ತೆಳು ಶೀಟಿನ ಲೋಹ ಆಗಿದ್ದಕ್ಕೆ ಅದು ಸಾಧ್ಯವಾಯ್ತು.

ಆದ್ರೆ ಇದಕ್ಕೆ ಗಾಳಿ ಆಗಿಬರಲ್ಲ. ಬೆಸುಗೆ ಹಾಕುವಾಗ ಆಮ್ಲಜನಕ, ಸಾರಜನಕ ಸ್ವಲ್ಪ ಸೇರಿದ್ರೂ ಜಾಯಿಂಟು ಪೆಡಸಾಗುತ್ತೆ. ಆದ್ದರಿಂದ ಆರ್ಗಾನ್ ತುಂಬಿದ ಪೆಟ್ಟಿಗೆಯೊಳಗೆ ಟಿಗ್ ಅನ್ನೋ ಬಗೆಯ ಬೆಸುಗೆ, ಇಲ್ಲವೇ ನಿರ್ವಾತದಲ್ಲಿ ಎಲೆಕ್ಟ್ರಾನ್ ಬೀಮ್ ಬೆಸುಗೆ. ಬೆಸುಗೆಯ ಗೆರೆ ಬೆಳ್ಳಿ ಹಾಗೆ ಹೊಳೀತಿದ್ರೆ ಸರಿ. ಬಣ್ಣ ತಿರುಗಿ ನೀಲಿಗೆ ಹೋಗಿದ್ರೆ ಆ ತುಂಡು ಬಿಸಾಡೋದೇ. ಕೆಲಸ ಮುಗಿದ ಮೇಲೆ ಸಿಲಿಸೈಡ್ ಲೇಪನ ಬೇಕೇ ಬೇಕು: ಸಿಲಿಕಾನ್, ಕ್ರೋಮಿಯಂ, ಕಬ್ಬಿಣದ ಪುಡಿಯನ್ನ ಬಳಿದು ನಿರ್ವಾತದ ಫರ್ನೇಸಿನಲ್ಲಿ ಕಾಯಿಸಿ ಹಿಡಿಸ್ತಾರೆ. ಲೇಪನ ಒಂದು ಚೂರು ಎದ್ದರೆ ಅಲ್ಲಿ ಆಕ್ಸೈಡ್ ಶುರು. ನಿಯೋಬಿಯಂ ಆಕ್ಸೈಡ್ ತನ್ನ ಮೂಲ ಲೋಹದ ಎರಡೂವರೆ ಪಟ್ಟಿಗಿಂತ ಹೆಚ್ಚು ಜಾಗ ಹಿಡಿಯುತ್ತೆ, ಹಾಗಾಗಿ ಪದರಪದರವಾಗಿ ಉದುರಿ ಒಳಗಿನ ಹೊಸ ಲೋಹವನ್ನ ಮತ್ತೆ ಗಾಳಿಗೆ ಒಡ್ಡುತ್ತೆ. ಕಬ್ಬಿಣದ ತುಕ್ಕಿಗಿಂತ ಕೆಟ್ಟದ್ದು.

ಸುರತ್ಕಲ್ ಲೋಹ · ಭಾನುವಾರ ರಾತ್ರಿ

ಬೆಸುಗೆಯವರು ಹೇಳಿದ್ದು ಸರಿಯೇ. ಆಕ್ಸಿಡೀಕರಣವನ್ನು ಬಿಟ್ಟು ಈ ವಿಷಯ ಮಾತಾಡಿದರೆ ಅರ್ಧ ಮಾತಾಡಿದ ಹಾಗೆ. ನಾನು ಕಾರ್ಬನ್-ಕಾರ್ಬನ್ ಬಗ್ಗೆ ಬರೆಯುತ್ತೇನೆ, ಸ್ವಲ್ಪ ಉದ್ದವಾದೀತು.

ಕಾರ್ಬನ್ ನಾರಿನ ಬಟ್ಟೆಗೆ ಫೀನಾಲಿಕ್ ರಾಳ ತುಂಬಿಸಿ ಅಚ್ಚಿನಲ್ಲಿ ಆಕಾರ ಕೊಡುವುದು ಮೊದಲ ಹಂತ. ಆಮೇಲೆ ಗಾಳಿ ಇಲ್ಲದ ಕುಲುಮೆಯಲ್ಲಿ ಸಾವಿರ ಡಿಗ್ರಿಯ ಆಸುಪಾಸಿನ ತನಕ ನಿಧಾನಕ್ಕೆ ಕಾಯಿಸುತ್ತಾರೆ. ರಾಳದ ಹೈಡ್ರೋಜನ್, ಆಮ್ಲಜನಕ ಎಲ್ಲ ಹೋಗಿ ಬರೀ ಕಾರ್ಬನ್ ಉಳಿಯುತ್ತದೆ, ಆದರೆ ಮೈತುಂಬ ರಂಧ್ರ. ಆ ರಂಧ್ರ ತುಂಬಲು ಮೀಥೇನ್‌ನಂಥ ಅನಿಲವನ್ನು ಕಡಿಮೆ ಒತ್ತಡದಲ್ಲಿ ಬಿಸಿ ತುಂಡಿನೊಳಗೆ ಹಾಯಿಸುತ್ತಾರೆ. ಅನಿಲ ಒಡೆದು ಕಾರ್ಬನ್ ನಾರಿನ ಮೇಲೆಯೇ ಕೂರುತ್ತದೆ. ಅವಸರ ಮಾಡಿದರೆ ಮೇಲ್ಮೈಯ ರಂಧ್ರ ಮುಚ್ಚಿಹೋಗಿ ಒಳಗೆ ಪೊಳ್ಳು ಉಳಿಯುತ್ತದೆ. ಹಾಗಾಗಿ ನೂರಾರು ಗಂಟೆ ಹಿಡಿಯುವ ಕೆಲಸ ಇದು ಮಾರಾಯ್ರೆ. ನಡುವೆ ತೆಗೆದು ಮೇಲ್ಪದರ ಕೆರೆದು ಮತ್ತೆ ಇಡುವುದೂ ಉಂಟು. ಕಡೆಗೆ 2000 ಡಿಗ್ರಿ ದಾಟಿಸಿ ಉಷ್ಣೋಪಚಾರ.

ಬಂದ ವಸ್ತುವಿನ ಸಾಂದ್ರತೆ 1.6ರಿಂದ 1.9, ಕೊಲಂಬಿಯಂನ ಐದನೇ ಒಂದು ಭಾಗ. ಹಿಗ್ಗುವುದು ತೀರಾ ಕಡಿಮೆ. ಇದರ ಇನ್ನೊಂದು ಚಂದ ಎಂದರೆ ಬಿಸಿ ಏರಿದಂತೆ ಬಲ ಕುಗ್ಗುವುದಿಲ್ಲ, 2000 ಡಿಗ್ರಿಯ ತನಕ ತುಸು ಏರುವುದೂ ಉಂಟು. ಲೋಹಗಳು ಯಾವುದೂ ಹೀಗಿಲ್ಲ.

ಕೊರತೆ ಒಂದೇ, ಆದರೆ ದೊಡ್ಡದು: 500 ಡಿಗ್ರಿ ದಾಟಿದರೆ ಆಮ್ಲಜನಕ ಸಿಕ್ಕಿದಲ್ಲಿ ಇದ್ದಿಲಿನ ಗತಿ. ಹೊರಗೆ ನಿರ್ವಾತ ಇದ್ದರೂ ಒಳಗಿನ ನಿಷ್ಕಾಸ ಅನಿಲದಲ್ಲಿ ನೀರಾವಿ, ಇಂಗಾಲದ ಡೈಆಕ್ಸೈಡ್ ಉಂಟಲ್ಲ, ಅವೂ ಕಾರ್ಬನ್ನನ್ನು ತಿನ್ನುತ್ತವೆ. ಅದಕ್ಕೇ ಇಸ್ರೋದ ವಿಕ್ರಮ್ ಸಾರಾಭಾಯಿ ಕೇಂದ್ರದವರು ಸಿಲಿಕಾನ್ ಕಾರ್ಬೈಡ್ ಲೇಪನ ಕೊಟ್ಟದ್ದು. ಲೇಪನ ಕಾರ್ಬನ್‌ಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುವ ವಸ್ತು. ಬಿಸಿಯಲ್ಲಿ ಕೂರಿಸಿದ ಲೇಪನ ತಣ್ಣಗಾಗುವಾಗ ಒಳಗಿನ ಮೈ ಕುಗ್ಗುವುದಿಲ್ಲ, ಲೇಪನ ಮಾತ್ರ ಕುಗ್ಗಲು ಎಳೆಯುತ್ತದೆ. ಕೂದಲೆಳೆಯ ಬಿರುಕು ಬಾರದಂತೆ ಪದರಗಳನ್ನು ಹೊಂದಿಸುವುದೇ ಈ ವಿದ್ಯೆಯ ಜೀವ. ತುಂಬಾ ಬಿಸಿಯಲ್ಲಿ ಸಿಲಿಕಾನ್ ಕಾರ್ಬೈಡ್ ತಾನೇ ಗಾಜಿನಂಥ ಸಿಲಿಕಾ ಆಗಿ ಬಿರುಕು ಮುಚ್ಚಿಕೊಳ್ಳುತ್ತದೆ. 500ರಿಂದ 1000 ಡಿಗ್ರಿಯ ನಡುವೆ ಆ ಗಾಜು ಬೇಗ ಹುಟ್ಟುವುದಿಲ್ಲ, ಆದರೆ ಕಾರ್ಬನ್ ಸುಡಲು ಅಷ್ಟು ಬಿಸಿ ಸಾಕು. ಹೀಗಾಗಿ ನಡುಬಿಸಿಯೇ ಲೇಪನಕ್ಕೆ ಕಠಿಣ ಪರೀಕ್ಷೆ. ಬಿಸಿ ಕಡಿಮೆಯಾದಷ್ಟೂ ಸುಲಭ ಎಂದು ಇಲ್ಲಿ ಹೇಳಲಿಕ್ಕಾಗುವುದಿಲ್ಲ.

ಕಾವೇರಿಕಣಿವೆ ಅವರು ಕೇಳಿದ ಹ್ಯಾಫ್ನಿಯಂ ಕಾರ್ಬೈಡ್ ಬಗ್ಗೆಯೂ ಹೇಳಿಬಿಡುತ್ತೇನೆ. ಕರಗುವುದಿಲ್ಲ, ಹೌದು. ಆದರೆ ಎಂಜಿನ್ ಹೊತ್ತಿಕೊಂಡ ಒಂದೆರಡು ಸೆಕೆಂಡಿನಲ್ಲಿ ಮೇಲ್ಮೈ ಸಾವಿರಾರು ಡಿಗ್ರಿ ಏರುತ್ತದೆ, ಒಳಗು ತಣ್ಣಗೇ ಇರುತ್ತದೆ. ಇಂಥ ಏಟಿಗೆ ಇಡಿಯಾದ ಸೆರಾಮಿಕ್ ತುಂಡು ಸೀಳಿಹೋಗುತ್ತದೆ. ಆದ್ದರಿಂದ ಅದನ್ನು ಲೇಪನವಾಗಿ, ನಾರಿನ ಸಂಯುಕ್ತದೊಳಗೆ ಬೆರಕೆಯಾಗಿ ಬಳಸುವ ಪ್ರಯತ್ನಗಳೇ ಹೆಚ್ಚು.

ಧಾರವಾಡದಾಂವ · ಸೋಮವಾರ ಬೆಳಿಗ್ಗೆ

ಸುರತ್ಕಲ್ ಸರ್, ಭಾಳ ಛಲೋ ಬರ್ದೀರಿ. ಆದ್ರ ನಾ ಸ್ಟೆಲೈಟ್ ಪಾಳೆದಾಂವ. ಯಾಕಂತ ಹೇಳ್ತೇನಿ.

ಕಾರ್ಬನ್-ಕಾರ್ಬನ್ ಹಾಕಿದ್ರ ನಾಝಲ್ ತೂಕ 67 ಶೇಕಡಾ ಇಳೀತೈತಿ, ಪಿಎಸ್‌ಎಲ್‌ವಿ 15 ಕಿಲೋ ಜಾಸ್ತಿ ಒಯ್ತೈತಿ ಅಂತ ಇಸ್ರೋನೇ ಹೇಳೈತಿ. ಒಪ್ಪಿದೆ. ಈ ಅಂಕಿ ಹಿಡದು ಹಿಂದಕ್ಕ ಲೆಕ್ಕ ಹಾಕ್ರಿ. ಕೊನೀ ಹಂತದಾಗ ಉಳಿಸಿದ ಒಂದೊಂದು ಕಿಲೋನೂ ನೇರ ಉಪಗ್ರಹಕ್ಕ ಸಿಗ್ತೈತಿ. 15 ಕಿಲೋ ಅಂದ್ರ 67 ಶೇಕಡಾ, ಹಂಗಾದ್ರ ಎರಡೂ ಎಂಜಿನ್ನಿನ ಕೊಲಂಬಿಯಂ ನಾಝಲ್ ಸೇರಿ ಅಂದಾಜು 22 ಕಿಲೋ. ಸ್ಟೆಲೈಟ್ ಸಾಂದ್ರತೆ ಕೊಲಂಬಿಯಂಗಿಂತ ಬರೇ ಎರಡ್ಮೂರು ಶೇಕಡಾ ಜಾಸ್ತಿ. ಅಷ್ಟೇ ದಪ್ಪ ಇಟ್ರ ಒಂದು ಕಿಲೋನೂ ಹೆಚ್ಚಾಗೂದಿಲ್ಲ.

ಅದಕ್ಕ ಸಿಗೂ ಲಾಭ ನೋಡ್ರಿ. ಆಮದು ಮಾಡೂ ಕೊಲಂಬಿಯಂ ಬದಲು ಸ್ಟೆಲೈಟ್ ಹಾಕಿದ್ರ ಖರ್ಚು ಸುಮಾರು 90 ಶೇಕಡಾ ಉಳಿತೈತಿ ಅಂತ ಪ್ರಕಟಣೆ ಐತಿ. 2025ರ ಏಪ್ರಿಲ್ 8ಕ್ಕ ಮಹೇಂದ್ರಗಿರಿಯಾಗ 665 ಸೆಕೆಂಡು ಉರಿಸ್ಯಾರ. ಕೋಬಾಲ್ಟ್‌ದಾಗ ಕ್ರೋಮಿಯಂ, ನಿಕಲ್, ಟಂಗ್‌ಸ್ಟನ್, ಕಬ್ಬಿಣ ಕೂಡಿದ ಲೋಹ, 1150 ಡಿಗ್ರಿ ತನಕ ಬಲ ಹಿಡಿದು ನಿಲ್ತೈತಿ. ಗೋಡಿ ಕಾಯೂದು ಸಾವಿರದ ಆಸುಪಾಸು ಇದ್ರ, 2300 ಡಿಗ್ರಿಗೆ ಕರಗೂ ಲೋಹಕ್ಕ ಯಾಕ ರೊಕ್ಕ ಸುರೀಬೇಕು? ಬೇಕಾದಷ್ಟು ಬಿಸಿ ತಡಿಯೂ ಲೋಹ ಸಾಕಲ್ಲ.

ಉಷ್ಣಯಂತ್ರ · ಸೋಮವಾರ ಮಧ್ಯಾಹ್ನ

ಧಾರವಾಡದವರ ವಾದದಲ್ಲಿ ಹುರುಳಿದೆ. ಒಂದು ಎಚ್ಚರ ಸೇರಿಸ್ತೀನಿ. 943 ಡಿಗ್ರಿ ಕಾರ್ಬನ್-ಕಾರ್ಬನ್ ನಾಝಲ್‌ನ ಅಂಕಿ. ಕಪ್ಪು ಮೇಲ್ಮೈ ಶಾಖವನ್ನ ಚೆನ್ನಾಗಿ ಹೊರಸೂಸುತ್ತೆ. ಹೊಳೆಯೋ ಲೋಹ ಹಾಗಲ್ಲ, ಅಷ್ಟೇ ಶಾಖ ಬಿಡೋಕೆ ಅದು ಇನ್ನೂ ಹೆಚ್ಚು ಕಾಯಬೇಕು. ಲೋಹದ ಮೇಲ್ಮೈಯನ್ನ ಕಪ್ಪಾಗಿಸಿ, ಹೊರಸೂಸುವ ಗುಣ ಏರಿಸೋದು ಅದಕ್ಕೇ. ಒಂದು ವಸ್ತುವಿನ ಗೋಡೆ ಉಷ್ಣಾಂಶವನ್ನ ಇನ್ನೊಂದಕ್ಕೆ ಹಾಗೇ ಎತ್ತಿ ಹಾಕೋಕೆ ಬರಲ್ಲ. 665 ಸೆಕೆಂಡಿನ ಪರೀಕ್ಷೆ ಬೇಕಾಗಿದ್ದೂ ಇಂಥ ವ್ಯತ್ಯಾಸಗಳಿಗೇ.

ಕೋಬಾಲ್ಟ್ ಲೋಹ ಈ ಕೆಲಸಕ್ಕೆ ಹೊಸದಲ್ಲ ಅನ್ನೋದೂ ತಿಳಿದಿರಲಿ. ಇದೇ ಕುಟುಂಬದ ಎಲ್-605 ಲೋಹವನ್ನ ಅಪೋಲೋ ನೌಕೆಯ ದಿಕ್ಕು ತಿದ್ದುವ ಸಣ್ಣ ಎಂಜಿನ್‌ಗಳ ನಾಝಲ್ ಅಂಚಿಗೆ ಬಳಸಿದ್ರು, ದಹನಕೋಣೆಗೆ ಲೇಪನ ಕೊಟ್ಟ ಮಾಲಿಬ್ಡಿನಂ. ಒಂದೇ ಪುಟ್ಟ ಎಂಜಿನ್ನಿನಲ್ಲಿ ಬಿಸಿ ಜಾಸ್ತಿ ಇರೋ ಕಡೆ ಒಂದು ಲೋಹ, ಕಮ್ಮಿ ಇರೋ ಕಡೆ ಇನ್ನೊಂದು.

ಪೀಣ್ಯ ಬೆಸುಗೆ · ಸೋಮವಾರ ಸಂಜೆ

ಸ್ಟೆಲೈಟ್ ಸುಲಭ ಅಂದ್ಕೋಬೇಡಿ. ಗಾಳಿಯಲ್ಲಿ ಇಟ್ರೆ ಏನೂ ಆಗಲ್ಲ, ಕ್ರೋಮಿಯಂ ಇದೆ, ಲೇಪನದ ತಲೆನೋವು ತುಂಬಾ ಕಮ್ಮಿ, ಅದು ನಿಜ. ಆದ್ರೆ ಈ ಜಾತಿ ಕೋಬಾಲ್ಟ್ ಶೀಟು ಬಗ್ಗಿಸಿದಷ್ಟೂ ಗಡುಸಾಗುತ್ತೆ. ಸ್ವಲ್ಪ ತಿದ್ದೋದು, ಫರ್ನೇಸಿಗೆ ಹಾಕಿ 1200 ಡಿಗ್ರಿ ಹತ್ತಿರ ಅನೀಲ್ ಮಾಡೋದು (ಕಾಯಿಸಿ ಮತ್ತೆ ಮೆದು ಮಾಡೋದು), ಮತ್ತೆ ತಿದ್ದೋದು. ಲೇತ್‌ನಲ್ಲಿ ಟೂಲ್ ತುದಿ ಬೇಗ ಸವೀತದೆ, ವೇಗ ತಗ್ಗಿಸಿ ತಾಳ್ಮೆಯಿಂದ ಕಡೀಬೇಕು. ಅಷ್ಟಾದ್ರೂ ಆರ್ಗಾನ್ ಪೆಟ್ಟಿಗೆ, ಸಿಲಿಸೈಡ್ ಫರ್ನೇಸು ಎರಡೂ ಬೇಡ ಅನ್ನೋದು ಒಂದು ವರ್ಕ್‌ಶಾಪಿಗೆ ಎಷ್ಟು ದೊಡ್ಡ ಬಿಡುಗಡೆ ಅಂತ ಈ ಕೆಲಸ ಮಾಡಿದವರಿಗೇ ಗೊತ್ತು. ನನ್ನ ಓಟೂ ಸ್ಟೆಲೈಟ್‌ಗೇ.

ಜರ್ಮನಿಯಿಂದ ಸುಮ · ಸೋಮವಾರ ರಾತ್ರಿ

ಕಾರ್ಬನ್-ಕಾರ್ಬನ್ ಪರವಾಗಿರುವವರು ಯೂರೋಪಿನ ವೆಗಾ-ಸಿ ರಾಕೆಟ್ಟಿನ ಕಥೆಯನ್ನು ಒಮ್ಮೆ ಕೂತು ಓದಬೇಕು ಎನ್ನುವುದು ನನ್ನ ಬಿನ್ನಹ. ಯೂರೋಪಿನಲ್ಲಿ ಈ ವಿಷಯ ಎರಡು ವರ್ಷ ಎಲ್ಲರ ನಿದ್ದೆ ಕೆಡಿಸಿತ್ತು.

2022ರ ಡಿಸೆಂಬರ್ 20ರ ರಾತ್ರಿ ಫ್ರೆಂಚ್ ಗಯಾನಾದ ಕೂರೂನಿಂದ ಹೊರಟ ವೆಗಾ-ಸಿ ಎರಡು ಪ್ಲೆಯಾಡ್ ನಿಯೋ ಉಪಗ್ರಹಗಳನ್ನು ಹೊತ್ತಿತ್ತು. ಎರಡನೇ ಹಂತ ಜೆಫಿರೋ 40 ಉರಿಯುತ್ತಿದ್ದಾಗ ಒಳಗಿನ ಒತ್ತಡ ಇಳಿಯತೊಡಗಿತು, ರಾಕೆಟ್ ದಾರಿ ಬಿಟ್ಟಿತು, ಎರಡೂ ಉಪಗ್ರಹ ಹೋದವು. ತನಿಖಾ ಆಯೋಗ ಕಂಡದ್ದು: ಥ್ರೋಟಿನಲ್ಲಿ ಕೂರಿಸಿದ್ದ ಕಾರ್ಬನ್-ಕಾರ್ಬನ್ ತುಂಡು ನಿರೀಕ್ಷೆಗಿಂತ ಹೆಚ್ಚು ಸವೆದುಹೋಗಿತ್ತು. ಥ್ರೋಟ್ ಅಗಲವಾದರೆ ಒತ್ತಡ ಬೀಳುತ್ತದೆ, ಒತ್ತಡ ಬಿದ್ದರೆ ತಳ್ಳುವ ಬಲ ಬೀಳುತ್ತದೆ. ಆ ತುಂಡು ಉಕ್ರೇನಿನಿಂದ ತರಿಸಿದ್ದು. ಅದನ್ನು ಒಪ್ಪಿಕೊಳ್ಳಲು ಇಟ್ಟಿದ್ದ ಮಾನದಂಡಗಳೇ ಹಾರಾಟದ ಯೋಗ್ಯತೆಯನ್ನು ಸಾಬೀತು ಮಾಡುವಷ್ಟಿರಲಿಲ್ಲ ಎಂದು ಆಯೋಗ ಹೇಳಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೇರೆ ಕಾರ್ಬನ್-ಕಾರ್ಬನ್ ಹಾಕಿ 2023ರ ಜೂನ್ 28ರಂದು ಸಾರ್ಡೀನಿಯಾದಲ್ಲಿ ನೆಲದ ಮೇಲೆ ಉರಿಸಿದರು. ಅದೂ ಕೆಟ್ಟಿತು. ಈ ಸಲ ತುಂಡು ಕಳಪೆಯಾಗಿರಲಿಲ್ಲ. ಹೊಸ ವಸ್ತುವಿನ ಉಷ್ಣ ಮತ್ತು ಯಾಂತ್ರಿಕ ಗುಣಗಳು ಹಳೆಯ ನಾಝಲ್‌ನ ಆಕಾರಕ್ಕೆ ಹೊಂದಲಿಲ್ಲ, ಅಕ್ಕಪಕ್ಕದ ಭಾಗಗಳು ಹಂತಹಂತವಾಗಿ ಹಾಳಾದವು. ನಾಝಲ್ ಅನ್ನೇ ಮರುವಿನ್ಯಾಸ ಮಾಡಿ ವೆಗಾ-ಸಿ ಮತ್ತೆ ಹಾರಿದ್ದು 2024ರ ಡಿಸೆಂಬರ್ 5ರಂದು. ಹೆಸರು ಒಂದೇ ಆದರೂ ನೇಯ್ಗೆ, ರಂಧ್ರ, ಸಾಂದ್ರತೆ ಬದಲಾದರೆ ಅದು ಬೇರೆಯದೇ ವಸ್ತು. ಲೋಹದ ಶೀಟಿಗೆ ಒಂದು ಪ್ರಮಾಣಪತ್ರ ಇರುತ್ತದೆ, ಒಂದು ಚೂರು ಕತ್ತರಿಸಿ ಎಳೆದು ನೋಡಿದರೆ ಉಳಿದದ್ದನ್ನು ನಂಬಬಹುದು. ಇಲ್ಲಿ ಪ್ರತಿ ತುಂಡಿಗೂ ತನ್ನದೇ ಇತಿಹಾಸ.

ಸುರತ್ಕಲ್ ಲೋಹ · ಸೋಮವಾರ ರಾತ್ರಿ

ಸುಮ ಮೇಡಂ, ಘಟನೆ ನಿಜ, ಪಾಠವೂ ನಿಜ. ಆದರೆ ಅದನ್ನು ಪಿಎಸ್4ಗೆ ಹೊಂದಿಸುವಾಗ ನಾನು ತಕರಾರು ಎತ್ತುತ್ತೇನೆ. ವೆಗಾದ್ದು ಘನ ಇಂಧನದ ಮೋಟಾರಿನ ಥ್ರೋಟ್. ಅಲ್ಲಿ ಅನಿಲದ ಜತೆ ಕರಗಿದ ಅಲ್ಯುಮಿನಾ ಹನಿಗಳೂ ಬಂದು ಬಡಿಯುತ್ತವೆ, ಒತ್ತಡ ಹೆಚ್ಚು, ಸವೆತ ಇದ್ದದ್ದೇ, ಎಷ್ಟು ಸವೆಯುತ್ತದೆ ಎನ್ನುವುದೇ ವಿನ್ಯಾಸದ ಭಾಗ. ಪಿಎಸ್4ದು ದ್ರವ ಇಂಧನ, ಕಾರ್ಬನ್-ಕಾರ್ಬನ್ ಕೂತಿರುವುದು ಥ್ರೋಟಿನ ಕೆಳಗೆ, ಹಿಗ್ಗಿದ ಅನಿಲದ ದಾರಿಯಲ್ಲಿ. ಅಲ್ಲಿ ಅದು ಸವೆಯಬೇಕಾಗಿಲ್ಲ, ಲೇಪನ ಉಳಿದರೆ ಸಾಕು. ಅಮೆರಿಕದ ಆರ್‌ಎಲ್10ಬಿ-2 ಎಂಜಿನ್ನಿಗೆ ಇಂಥದ್ದೇ ಜಾಗದಲ್ಲಿ ಫ್ರಾನ್ಸಿನಲ್ಲಿ ಮಾಡಿದ ಕಾರ್ಬನ್-ಕಾರ್ಬನ್ ವಿಸ್ತರಣೆ ಇತ್ತು, ಡೆಲ್ಟಾ 4 ರಾಕೆಟ್ಟುಗಳಲ್ಲಿ ವರ್ಷಗಟ್ಟಲೆ ಹಾರಿತು.

ಧಾರವಾಡದವರೇ, 15 ಕಿಲೋ ಸಣ್ಣದು ಎನ್ನಬೇಡಿ. ಒಂದು ವಿಶ್ವವಿದ್ಯಾಲಯದ ಮಕ್ಕಳು ಕಟ್ಟಿದ ಪುಟ್ಟ ಉಪಗ್ರಹ ಒಂದಕ್ಕಿಂತ ಹೆಚ್ಚು ಅದರಲ್ಲಿ ಹಿಡಿಯುತ್ತದೆ.

ಧಾರವಾಡದಾಂವ · ಸೋಮವಾರ ರಾತ್ರಿ

ಸಣ್ಣದು ಅನ್ನೂದಿಲ್ರಿ. ಉಪಗ್ರಹ ಸಾಮರ್ಥ್ಯದ ತುದಿ ಮುಟ್ಟಿದಾಗ ಆ 15 ಕಿಲೋ ಬಂಗಾರ. ಅಂಥಾ ಹಾರಾಟಕ್ಕ ಕಾರ್ಬನ್ ಇರ್ಲಿ. ಸಾಮರ್ಥ್ಯ ಮಿಕ್ಕಿದ ಹಾರಾಟಕ್ಕ ಸ್ಟೆಲೈಟ್ ಇರ್ಲಿ. ಎರಡೂ ಕೈಯಾಗ ಇದ್ರ ಹೊರಗಿನವ್ರ ಮುಂದ ಕೈ ಚಾಚೂದು ತಪ್ಪತೈತಿ, ನನ್ನ ಆಸೆ ಇಷ್ಟ.

ಕಾವೇರಿಕಣಿವೆ · ಮಂಗಳವಾರ ಬೆಳಿಗ್ಗೆ

ಇಷ್ಟು ಪ್ರೀತಿಯಿಂದ ಬರೆದಿದ್ದಕ್ಕೆ ಎಲ್ಲರಿಗೂ ಶರಣು. ಸುರತ್ಕಲ್ ಸರ್ ಈಗ ಸವೆಯೋದೇ ವಿನ್ಯಾಸದ ಭಾಗ ಅಂದ್ರಿ. ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀರಾ? ನಾಝಲ್ ತಾನೇ ಸುಟ್ಟುಹೋಗೋ ಹಾಗೆ ಬೇಕಂತಲೇ ಮಾಡ್ತಾರಾ?

ಉಷ್ಣಯಂತ್ರ · ಮಂಗಳವಾರ ಮಧ್ಯಾಹ್ನ

ಹೌದು, ಅದಕ್ಕೆ ಅಬ್ಲೇಟಿವ್ ಅಂತಾರೆ. ಕಾರ್ಬನ್ ಅಥವಾ ಸಿಲಿಕಾ ಬಟ್ಟೆಗೆ ಫೀನಾಲಿಕ್ ರಾಳ. ಬಿಸಿ ತಟ್ಟಿದಾಗ ರಾಳ ಒಡೆಯುತ್ತೆ, ಒಡೆಯೋಕೆ ಶಾಖ ಹೀರುತ್ತೆ. ಹುಟ್ಟಿದ ಅನಿಲ ಹೊರಗೆ ಬಂದು ಗೋಡೆಗೂ ಜ್ವಾಲೆಗೂ ನಡುವೆ ತೆಳು ಪರದೆ ಆಗುತ್ತೆ. ಉಳಿದ ಕರಿ ಪದರ ಒಳಗಿನದನ್ನ ಕಾಯುತ್ತೆ. ಕಾಲುವೆ ಬೇಡ, ಪಂಪ್ ಬೇಡ. ಒಮ್ಮೆ ಬಳಸಿ ಮುಗಿಸೋ ಎಂಜಿನ್ನಿಗೆ ತುಂಬಾ ನಂಬಿಕಸ್ಥ ಉಪಾಯ. ಚಂದ್ರನ ಮೇಲಿಂದ ಗಗನಯಾತ್ರಿಗಳನ್ನ ಎತ್ತಿದ ಅಪೋಲೋ ಎಂಜಿನ್ ಹೀಗೇ ಇತ್ತು.

ಆದ್ರೆ ಹೊರಗಿನಿಂದ ನೋಡಿ ಇದರ ಗುಣ ಹೇಳೋದು ಕಷ್ಟ. 1983ರ ಆಗಸ್ಟ್‌ನಲ್ಲಿ ಷಟಲ್‌ನ ಎಸ್‌ಟಿಎಸ್-8 ಹಾರಾಟ ಮುಗಿದ ಮೇಲೆ ಸಮುದ್ರದಿಂದ ಎತ್ತಿ ತಂದ ಬೂಸ್ಟರಿನ ನಾಝಲ್ ಬಿಚ್ಚಿ ನೋಡಿದ್ರೆ, ಕಾರ್ಬನ್-ಫೀನಾಲಿಕ್ ಒಳಪದರ ಕೆಲವೆಡೆ ಲೆಕ್ಕಕ್ಕಿಂತ ಎಷ್ಟೋ ಆಳಕ್ಕೆ ಕೊರೆದು ಹೋಗಿತ್ತು. ಹಾರಾಟದ ವೇಳೆ ಯಾರಿಗೂ ಗೊತ್ತಾಗಿರಲಿಲ್ಲ. 2024ರ ಅಕ್ಟೋಬರ್ 4ರಂದು ವಲ್ಕನ್ ರಾಕೆಟ್ಟಿನ ಒಂದು ಘನ ಬೂಸ್ಟರಿನ ನಾಝಲ್ ಹಾರಾಟದ ಮಧ್ಯೆ ಕಳಚಿಬಿತ್ತು. ನಾಝಲ್ ಒಳಗಿನ ಒಂದು ಉಷ್ಣನಿರೋಧಕ ಭಾಗದ ತಯಾರಿಕಾ ದೋಷ ಅಂತ ಆಮೇಲೆ ತಿಳೀತು. ಆದ್ರೂ ರಾಕೆಟ್ ಕಕ್ಷೆ ಸೇರ್ತು, ಅದು ಬೇರೆ ಮಾತು.

ಅಕ್ಕಪಕ್ಕದ ಎಂಜಿನ್‌ಗಳ ಬಿಸಿಯೂ ಲೆಕ್ಕಕ್ಕೆ ಬರುತ್ತೆ. ಡೆಲ್ಟಾ 4ರ ಆರ್‌ಎಸ್-68 ಎಂಜಿನ್ ಅಬ್ಲೇಟಿವ್ ನಾಝಲ್‌ನಿಂದ ಚೆನ್ನಾಗೇ ಕೆಲಸ ಮಾಡ್ತು. ನಾಸಾ ಅದನ್ನ ಏರಿಸ್-5 ರಾಕೆಟ್ಟಿನಡಿ ಐದಾರು ಒಟ್ಟಿಗೆ ಗುಂಪಾಗಿ ಕೂರಿಸೋ ಯೋಚನೆ ಮಾಡಿದಾಗ, ಪಕ್ಕದ ಜ್ವಾಲೆಗಳ ಕಾವಿಗೆ ಈ ನಾಝಲ್ ತಡೆಯುತ್ತಾ ಅನ್ನೋದೇ ದೊಡ್ಡ ಚಿಂತೆ ಆಯ್ತು.

ಪೀಣ್ಯ ಬೆಸುಗೆ · ಮಂಗಳವಾರ ಸಂಜೆ

ವಸ್ತುವಿನ ಜತೆ ಮಾಡೋ ರೀತಿಯೂ ಬದಲಾಗ್ತಿದೆ, ಕಾವೇರಿಕಣಿವೆ ಅವರು ಅದನ್ನೂ ಸೆಮಿನಾರಿಗೆ ಸೇರಿಸಲಿ. ಇದೇ ಪಿಎಸ್4 ಎಂಜಿನ್ ಅನ್ನ ಇಸ್ರೋ 3ಡಿ ಪ್ರಿಂಟಿಂಗ್‌ಗೆ ಒಗ್ಗಿಸಿ ಮರುವಿನ್ಯಾಸ ಮಾಡಿ, 2024ರ ಮೇ 9ರಂದು 665 ಸೆಕೆಂಡು ಉರಿಸಿತು. ಮಾಡಿಕೊಟ್ಟಿದ್ದು ನಮ್ಮ ಬೆಂಗಳೂರಿನ ವಿಪ್ರೋ 3ಡಿ. 14 ಬಿಡಿಭಾಗ ಹೋಗಿ ಒಂದೇ ತುಂಡು, 19 ಬೆಸುಗೆ ಇಲ್ಲವೇ ಇಲ್ಲ. ಮೊದಲು ಒಂದು ಎಂಜಿನ್ನಿಗೆ 565 ಕಿಲೋ ಫೋರ್ಜಿಂಗ್ ಮತ್ತು ಶೀಟು ತರಿಸಿ ಕಡಿದು ಬಿಸಾಡೋದಿತ್ತು. ಈಗ 13.7 ಕಿಲೋ ಲೋಹದ ಪುಡಿ. ಬೆಸುಗೆಯನ್ನೇ ನಂಬಿ ಬದುಕೋನಾದ್ರೂ ಹೇಳ್ತೀನಿ, ಹಾಕದೇ ಇರೋ ಬೆಸುಗೆ ಎಂದೂ ಬಿರುಕು ಬಿಡಲ್ಲ. ಇದು ಒಳ್ಳೇ ದಾರಿ. ಚೆನ್ನೈನ ಅಗ್ನಿಕುಲ್ ಕೂಡ ಒಂದೇ ತುಂಡಾಗಿ ಪ್ರಿಂಟ್ ಮಾಡಿದ ಎಂಜಿನ್ ಅನ್ನ 2024ರ ಮೇ 30ರಂದು ಹಾರಿಸಿ ತೋರಿಸ್ತು.

ಸುರತ್ಕಲ್ ಲೋಹ · ಮಂಗಳವಾರ ರಾತ್ರಿ

ಅದಕ್ಕೆ ಜೋಡಿಸಿ: ನಾಸಾದವರು ಬೆಳೆಸಿದ ಜಿಆರ್‌ಕಾಪ್-42 ಎನ್ನುವ ತಾಮ್ರ-ಕ್ರೋಮಿಯಂ-ನಿಯೋಬಿಯಂ ಮಿಶ್ರಲೋಹ ಲೇಸರ್ ಪ್ರಿಂಟಿಂಗಿಗೆ ಚೆನ್ನಾಗಿ ಒಗ್ಗುತ್ತದೆ. ಒಳಗೆ ಸಣ್ಣ ಸಣ್ಣ ಗಡುಸು ಕಣಗಳು ಹರಡಿರುವುದರಿಂದ ಬಿಸಿಯಲ್ಲೂ ತಾಮ್ರ ಮೆತ್ತಗಾಗಿ ಹರಿಯುವುದಿಲ್ಲ, ವಾಹಕತೆಯೂ ಬಹುಮಟ್ಟಿಗೆ ಉಳಿಯುತ್ತದೆ.

ಕಾವೇರಿಕಣಿವೆ · ಮಂಗಳವಾರ ರಾತ್ರಿ

ಕೊನೇದಾಗಿ ಒಂದೇ ಒಂದು. ಈ ನಾಝಲ್ ಪರೀಕ್ಷೆಗಳನ್ನೆಲ್ಲ ಮಹೇಂದ್ರಗಿರಿಯ ಎತ್ತರದ ಪರಿಸ್ಥಿತಿ ಸೃಷ್ಟಿಸೋ ಕೇಂದ್ರದಲ್ಲೇ ಯಾಕೆ ಮಾಡಬೇಕು? ಬಿಸಿ ತಡೆಯುತ್ತಾ ಅಂತ ನೋಡೋಕೆ ಬಯಲಲ್ಲಿ ಉರಿಸಿದ್ರೆ ಸಾಲದಾ?

ಉಷ್ಣಯಂತ್ರ · ಬುಧವಾರ ಬೆಳಿಗ್ಗೆ

ಸಾಲದು. ಮೇಲಿನ ಹಂತದ ನಾಝಲ್ ನಿರ್ವಾತಕ್ಕೆ ಅಂತ ತುಂಬಾ ಅಗಲಕ್ಕೆ ಹಿಗ್ಗಿರುತ್ತೆ. ಬಾಯಿಯ ಹತ್ತಿರ ಅನಿಲದ ಒತ್ತಡ ನೆಲಮಟ್ಟದ ಗಾಳಿಗಿಂತ ಎಷ್ಟೋ ಕಮ್ಮಿ. ಬಯಲಲ್ಲಿ ಉರಿಸಿದ್ರೆ ಹೊರಗಿನ ಗಾಳಿ ಒಳನುಗ್ಗಿ ಅನಿಲವನ್ನ ಗೋಡೆಯಿಂದ ಬಿಡಿಸಿಬಿಡುತ್ತೆ. ಬಿಡಿಸೋ ಗೆರೆ ಒಂದೇ ಕಡೆ ನಿಲ್ಲದೆ ಅತ್ತಿತ್ತ ಓಡಾಡುತ್ತೆ, ತೆಳು ಗೋಡೆ ಅದುರಿ ಹರಿದುಹೋಗಬಹುದು. ಜತೆಗೆ, ಕೆಂಪಗೆ ಕಾದ ಹೊರಮೈಗೆ ಗಾಳಿ ಸಿಕ್ಕಿದ್ರೆ ಕಾರ್ಬನ್, ನಿಯೋಬಿಯಂ ಎರಡಕ್ಕೂ ಹಾರಾಟದಲ್ಲಿ ಇರದ ಆಮ್ಲಜನಕದ ಕಾಟ. ಗಾಳಿಯ ಹರಿವು ಗೋಡೆಯನ್ನ ತಣ್ಣಗೂ ಮಾಡುತ್ತೆ, ಆಗ ವಿಕಿರಣದ ಲೆಕ್ಕ ಸರಿಯಾಯ್ತೋ ಇಲ್ಲವೋ ಅಂತ ಹೇಳೋಕಾಗಲ್ಲ. ಆದ್ದರಿಂದ ಸುತ್ತಲಿನ ಗಾಳಿಯನ್ನ ಎಳೆದು ತೆಗೆದ ಕೋಣೆಯಲ್ಲೇ 60 ಸೆಕೆಂಡು, 200 ಸೆಕೆಂಡು ಅಂತ ಹಂತಹಂತವಾಗಿ ಉರಿಸಿದ್ದು.

ಇಸ್ರೋದ ಸಿಇ-20 ಕ್ರಯೋಜೆನಿಕ್ (ಅತಿ ತಣ್ಣನೆ ದ್ರವ ಇಂಧನದ) ಎಂಜಿನ್ನಿಗೂ ಇದೇ ತೊಡಕು, ಅದರ ನಾಝಲ್ ಬಾಯಿ ಥ್ರೋಟಿನ ವಿಸ್ತೀರ್ಣದ 100 ಪಟ್ಟು. 2024ರ ನವೆಂಬರ್ 29ರಂದು ಅದನ್ನ ನೆಲಮಟ್ಟದ ಒತ್ತಡದಲ್ಲೇ ಉರಿಸೋಕೆ ನಾಝಲ್ ಸುತ್ತ ಒಂದು ರಕ್ಷಣಾ ವ್ಯವಸ್ಥೆ ಕಟ್ಟಿದ್ರು. ಎತ್ತರದ ಪರೀಕ್ಷೆಗೆ ಖರ್ಚು, ಸಿದ್ಧತೆ ಎರಡೂ ಜಾಸ್ತಿ, ಪ್ರತಿ ಎಂಜಿನ್ನಿಗೂ ಅದನ್ನೇ ಮಾಡ್ತಾ ಕೂರೋಕಾಗಲ್ಲ. ಸೆಮಿನಾರಿನಲ್ಲಿ ನಾಝಲ್‌ನ ಉದ್ದಕ್ಕೂ ಶಾಖದ ಪ್ರಮಾಣ ಹೇಗೆ ಏರಿ ಇಳಿಯುತ್ತೆ ಅನ್ನೋ ಗೆರೆ ಮೊದಲು ಬರೆಯಿರಿ. ವಸ್ತುಗಳ ಹೆಸರನ್ನ ಆ ಗೆರೆಯ ಕೆಳಗೆ ಅವುಗಳ ಜಾಗಕ್ಕೆ ಸರಿಯಾಗಿ ಬರೆದುಕೊಂಡು ಹೋಗಿ. ಸ್ಲೈಡ್ ಸಿದ್ಧವಾದ ಮೇಲೆ ಇಲ್ಲೇ ಹಾಕಿ, ಎಲ್ಲರೂ ನೋಡ್ತೀವಿ.